ಗುಜರಿಯಲ್ಲೊಂದು ಸರ್ವರ್ ಹುಡುಕುತ್ತ ಎಸ್‌.ಪಿ. ರಸ್ತೆಯಲ್ಲಿ

ಬೆಂಗಳೂರಿನ ಟೌನ್‌ಹಾಲ್ ಬಳಿ ಬಸ್ಸಿಳಿದು ನಗರ್ತಪೇಟೆ ಕಡೆಗೆ ಹೊರಳಿದರೆ ಸಾಕು, ಎರಡೂ ಬದಿಯಿಂದ ಕೂಗು ಶುರು: ‘ಲ್ಯಾಪ್‌ಟಾಪಾ ಸಾರ್? ಸಿಸಿಟಿವಿನಾ? ಟೋನರಾ? ಬನ್ನಿ, ಮೇಲೆ ಇದೆ ಬನ್ನಿ’. ಮೆಟ್ಟಿಲ ಬಾಯಿಯಲ್ಲಿ ನಿಂತ ಹುಡುಗರು ಗಿರಾಕಿಯ ಮುಖ ನೋಡಿಯೇ ಅವನಿಗೇನು ಬೇಕೆಂದು ಅಂದಾಜು ಮಾಡುತ್ತಾರೆ. ಸದರ್ ಪತ್ರಪ್ಪ ರಸ್ತೆ ಅಂದರೆ ತಕ್ಷಣ ಗೊತ್ತಾಗುವವರು ಕಡಿಮೆ. ಎಸ್‌.ಪಿ. ರಸ್ತೆ ಅಂದರೆ ದೂರದ ನಮ್ಮ ಕೂಡ್ಲಿಗಿ, ಕೊಟ್ಟೂರಿನ ಕಂಪ್ಯೂಟರ್ ಅಂಗಡಿಯವರಿಗೂ ಗೊತ್ತು. ಅವರ ಅಂಗಡಿಗೆ ಬರುವ ಎಷ್ಟೋ ಮಾಲು ಇಲ್ಲಿಂದಲೇ ರಾತ್ರಿ ಬಸ್ ಹತ್ತುತ್ತದೆ.

ನಾನು ಹೋದದ್ದು ಹಗರಿಬೊಮ್ಮನಹಳ್ಳಿಯ ಮೇಷ್ಟ್ರೊಬ್ಬರ ಕೆಲಸದ ಮೇಲೆ. ಅವರು ನಮ್ಮ ಸೀಮೆಯ ದೊಡ್ಡಾಟಗಳನ್ನು ವರ್ಷಗಳಿಂದ ಚಿತ್ರೀಕರಿಸಿ ಇಟ್ಟಿದ್ದಾರೆ. ರಾತ್ರಿಯಿಡೀ ನಡೆಯುವ ಆಟ, ಒಂದೊಂದರ ವಿಡಿಯೊವೂ ಹತ್ತಾರು ಜಿಬಿ. ಮೆಮೊರಿ ಕಾರ್ಡು, ಪೆನ್‌ಡ್ರೈವು, ಮಗನ ಲ್ಯಾಪ್‌ಟಾಪು ಅಂತ ಅವೆಲ್ಲ ಹರಿದು ಹಂಚಿಹೋಗಿವೆ. ತಿಂಗಳ ಬಾಡಿಗೆ ಕೊಟ್ಟು ಕ್ಲೌಡಿನಲ್ಲಿಡಲು ಅವರ ಪಿಂಚಣಿ ಸಾಲದು. ಅಷ್ಟನ್ನು ಮೇಲೇರಿಸಲು ಊರಿನ ಇಂಟರ್‌ನೆಟ್ಟೂ ಸಾಲದು. ಅವರಿಗೆ ಬೇಕಾದ್ದು ಮನೆಯಲ್ಲೇ ಸದಾ ಚಾಲೂ ಇರುವ ಒಂದು ಕಂಪ್ಯೂಟರ್. ಮನೆಯ ಮೊಬೈಲು, ಟೀವಿ, ಕಲಾವಿದರ ಮಕ್ಕಳು ತರುವ ಲ್ಯಾಪ್‌ಟಾಪು ಎಲ್ಲವೂ ವೈಫೈ ಮೂಲಕ ಅದರಿಂದಲೇ ವಿಡಿಯೊ ತೆಗೆದುಕೊಳ್ಳಬೇಕು. ಇದಕ್ಕೇ ಹೋಮ್ ಸರ್ವರ್ ಎನ್ನುತ್ತಾರೆ. ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಆಫೀಸುಗಳು ಹೊರಹಾಕಿದ ಹಳೆ ಯಂತ್ರ ಈ ಕೆಲಸಕ್ಕೆ ಧಾರಾಳ ಸಾಕು.

ಆ ಹಳೆ ಯಂತ್ರಗಳು ಎಸ್‌.ಪಿ. ರಸ್ತೆಯ ಮೇಲ್ಮಹಡಿಗಳಲ್ಲಿ ಸೂರಿನವರೆಗೆ ಪೇರಿಸಿಕೊಂಡಿವೆ. ಆಪ್ಟಿಪ್ಲೆಕ್ಸ್, ಎಲೈಟ್‌ಡೆಸ್ಕ್, ಥಿಂಕ್‌ಸೆಂಟರ್: ಯಾವುದೋ ಐಟಿ ಕಂಪನಿಯ ಮೇಜಿನ ಮೇಲೆ ಕೆಲವು ವರ್ಷ ದುಡಿದು, ಲೀಸ್ ಮುಗಿದ ಮೇಲೆ ಲಾಟಿನಲ್ಲಿ ಹರಾಜಾದವು. ಈಗ ರಾಶಿ ಇನ್ನೂ ಎತ್ತರವಾಗಲು ಕಾರಣವಿದೆ. ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ, ಕೆಲವೇ ಅಪವಾದ ಬಿಟ್ಟರೆ, ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರೇ ಬೇಕು. ಹೀಗಾಗಿ 6 ಮತ್ತು 7ನೇ ತಲೆಮಾರಿನ, ಒಂದು ಸ್ಕ್ರೂ ಕೂಡ ಸಡಿಲವಾಗದ ಯಂತ್ರಗಳು ಆಫೀಸಿಗೆ ಬೇಡವಾದವು. ಡೆಬಿಯನ್‌ನಂಥ ಲಿನಕ್ಸನ್ನು ವಿಂಡೋಸ್ ಬದಲು ಹಾಕುವವರಿಗೆ ಆ ನಿರ್ಬಂಧ ಲೆಕ್ಕಕ್ಕೇ ಇಲ್ಲ. ನಾಲ್ಕು ಕೋರ್‌ಗಳ 6ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್ ಇದ್ದರೆ ಮೇಷ್ಟ್ರ ವಿಡಿಯೊ, ಮನೆಯ ಫೋಟೊ, ಎಲ್ಲವನ್ನೂ ನಿಭಾಯಿಸುತ್ತದೆ. 7ನೆಯದು ಸಿಕ್ಕರೆ ಇನ್ನೂ ಒಳ್ಳೆಯದು, ಹೊಸ ಮೊಬೈಲುಗಳ 10 ಬಿಟ್ ವಿಡಿಯೊವನ್ನು ಅದರ ಗ್ರಾಫಿಕ್ಸ್ ಭಾಗವೇ ಬಿಡಿಸುತ್ತದೆ. ಅಂಗಡಿಯವರು ಹೇಳಿದ ಬೆಲೆ ಸಾಧಾರಣ ಹೊಸ ಮೊಬೈಲಿಗಿಂತ ಕಡಿಮೆಯೇ. ರ‍್ಯಾಮ್ ಮಾತ್ರ ಈಗ ಬಿಗಿ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹರಿದುಹೋಗಿ 2025ರ ಕೊನೆಯಿಂದ ಜಗತ್ತಿನಾದ್ಯಂತ ಬೆಲೆ ಏರಿತು, ಇಲ್ಲಿ ಹಳೆ ರ‍್ಯಾಮ್‌ಗೂ ಬೆಲೆ ಬಂದಿದೆ.

ಪಕ್ಕದ ಅಂಗಡಿಯಲ್ಲಿ ದೊಡ್ಡ ರ‍್ಯಾಕ್ ಸರ್ವರ್‌ಗಳೂ ಇದ್ದವು. ನೋಡಿದರೆ ಆಸೆಯಾಗುತ್ತದೆ. ಬೇಡ. ಅವುಗಳ ಫ್ಯಾನಿನ ಸದ್ದಿಗೆ ಮನೆಯಲ್ಲಿ ಯಾರೂ ಮಲಗಲಾರರು, ಮೇಲಾಗಿ ಕರೆಂಟು. 30 ವಾಟ್ ಎಳೆಯುವ ಸಣ್ಣ ಯಂತ್ರ ತಿಂಗಳಿಡೀ ಓಡಿದರೆ ಸುಮಾರು 22 ಯೂನಿಟ್. 120 ವಾಟ್‌ನದು 86 ಯೂನಿಟ್. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಸಿಗುವುದು ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಅಲ್ಪ ಹೆಚ್ಚುವರಿ, ಗರಿಷ್ಠ 200 ಯೂನಿಟ್. ಮೇಷ್ಟ್ರ ಮನೆಯಂಥ ಕಡೆ ರ‍್ಯಾಕ್ ಸರ್ವರ್ ಒಂದೇ ಆ ಮಿತಿ ದಾಟಿಸಿಬಿಡುತ್ತದೆ.

ಚರಿತ್ರೆ ಹೇಳದೆ ಸ್ಥಳ ಪರಿಚಯ ಮುಗಿಯದು. 1537ರಲ್ಲಿ ಕೆಂಪೇಗೌಡರು ಕಟ್ಟಿದರೆನ್ನುವ ಪೇಟೆಯ ಅಂಚು ಇದು. ಕುಂಬಾರಪೇಟೆ, ನಗರ್ತಪೇಟೆ, ತಿಗಳರಪೇಟೆ ಒಂದಕ್ಕೊಂದು ಅಂಟಿಕೊಂಡಿವೆ. ಕರಗದ ಧರ್ಮರಾಯಸ್ವಾಮಿ ಗುಡಿ ನಡೆದುಹೋಗುವಷ್ಟು ದೂರ. ಟೌನ್‌ಹಾಲ್, ಅಂದರೆ ಪುಟ್ಟಣ್ಣ ಚೆಟ್ಟಿ ಪುರಭವನ, 1935ರದು. ಹಾರ್ಡ್‌ವೇರ್, ಎಲೆಕ್ಟ್ರಿಕಲ್ ಸಾಮಾನಿನ ಈ ಬೀದಿಗೆ ಕಂಪ್ಯೂಟರ್ ಆಮೇಲೆ ಬಂತು. ಇವತ್ತಿಗೂ ಬೋಲ್ಟು-ನಟ್ಟಿನ ಅಂಗಡಿಯ ನೆತ್ತಿಯ ಮೇಲೆ ಗ್ರಾಫಿಕ್ಸ್ ಕಾರ್ಡಿನ ಅಂಗಡಿ ಕೂತಿದೆ.

ನನ್ನ ಮಧ್ಯಾಹ್ನವೆಲ್ಲ ಕಳೆದದ್ದು ಒಂದು ಮೆಟ್ಟಿಲ ಕೆಳಗಿನ ರಿಪೇರಿ ಮೇಜಿನ ಮುಂದೆ. ನನ್ನ ಮಾತು ಕಿವಿಗೆ ಬಿದ್ದದ್ದೇ ತಡ, ಮೇಜಿನ ಹಿಂದಿದ್ದ ರಿಪೇರಿಯವರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ‘ಯಾವೂರ್ರಿ ಸರ? ನಮ್ ಕಡೆಯೋರಾ?’ ಅಂದರು. ಅವರು ಕೂಡ್ಲಿಗಿ ತಾಲ್ಲೂಕಿನವರು. ಕಟ್ಟಡದ ಕೂಲಿಗೆ ಬಂದ ಅಪ್ಪ-ಅವ್ವನ ಜೊತೆ ಬೆಂಗಳೂರು ಸೇರಿ, ಅಂಗಡಿಯಲ್ಲಿ ಚಹಾ ತರುವ ಹುಡುಗನಾಗಿ, ಬೆಸುಗೆ ಹಾಕುವುದನ್ನು ನೋಡಿ ನೋಡಿಯೇ ಕಲಿತವರು. ಕೆಲಸದ ಹೆಸರು ಚಿಪ್ ಲೆವೆಲ್. ಬೋರ್ಡು ಸತ್ತರೆ ಇಡೀ ಬೋರ್ಡು ಬದಲಿಸುವುದಲ್ಲ; ಅದರಲ್ಲಿ ಸತ್ತ ಐಸಿ ಯಾವುದು, ಶಾರ್ಟ್ ಆದ ಕೆಪಾಸಿಟರ್ ಯಾವುದು ಅಂತ ಪತ್ತೆ ಹಚ್ಚಿ ಅದೊಂದನ್ನೇ ಕೀಳುವುದು.

ಅವರ ಕೈಯನ್ನೇ ನೋಡುತ್ತ ಕುಳಿತೆ. ಸತ್ತ ಬೋರ್ಡಿಗೆ ಕಡಿಮೆ ವೋಲ್ಟೇಜ್ ಬಿಟ್ಟು, ಅದರ ಮೇಲೆ ಆಲ್ಕೊಹಾಲ್ ಸವರಿದರು. ಎಲ್ಲ ಕಡೆ ತೇವ ಉಳಿಯಿತು, ಒಂದೇ ಕಡೆ ಪಟ್ಟನೆ ಆರಿತು. ‘ಅಲ್ಲೇ ಕಾಯ್ತೈತಿ ನೋಡ್ರಿ. ಅದಽ ಕಳ್ಳ’ ಅಂದರು. ಬ್ಲೋವರಿನ ಬಿಸಿಗಾಳಿ ಬಿಟ್ಟು, ಎಳ್ಳಿಗಿಂತ ಸಣ್ಣದೊಂದು ಚೂರನ್ನು ಚಿಮಟದಿಂದ ಎತ್ತಿ ಪಕ್ಕಕ್ಕಿಟ್ಟರು. ಗುಜರಿ ಬೋರ್ಡಿನಿಂದ ಅಂಥದ್ದೇ ಇನ್ನೊಂದನ್ನು ಕಿತ್ತು ಕೂರಿಸಿದರು. ಫ್ಯಾನು ತಿರುಗಿತು. ತೂಕದ ಲೆಕ್ಕದಲ್ಲಿ ಹೋಗಬೇಕಿದ್ದ ಬೋರ್ಡು ಇನ್ನಷ್ಟು ವರ್ಷ ಯಾರದೋ ಮನೆಯಲ್ಲಿ ಓಡುತ್ತದೆ. ಇಂಥ ವಿದ್ಯೆಯಿದ್ದೂ ಅವರ ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅವರ ದೂರು ಬೇರೆ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಅಂಟಿಕೊಂಡಿರುತ್ತದೆ, ಕೆಲವದರಲ್ಲಿ ಸ್ಟೋರೇಜೂ. ಸರ್ಕ್ಯೂಟಿನ ನಕಾಶೆಯನ್ನು ಹೆಚ್ಚಿನ ಕಂಪನಿಗಳು ಕೊಡುವುದಿಲ್ಲ. ‘ನಕಾಶಿ ಇಲ್ದಽ ಹೆಂಗ್ರಿ ಹುಡ್ಕೋದು? ಹತ್ತು ಬೋರ್ಡು ಬಿಚ್ಚಿ ನಾವಽ ಬರ್ಕೋಬೇಕು’. ಕಲಿಯಲು ಬರುವ ಹುಡುಗರು ಮೊದಲೇ ಕಡಿಮೆ. ಬಂದವರೂ ಮೊಬೈಲ್ ಡಿಸ್‌ಪ್ಲೇ ಬದಲಿಸುವುದನ್ನು ಕಲಿತು ಹೋಗಿಬಿಡುತ್ತಾರೆ, ಅದರಲ್ಲಿ ದುಡ್ಡು ಬೇಗ. ಊರಿಗೆ ಮರಳಿ ಕೊಟ್ಟೂರಿನಲ್ಲೊಂದು ಮೇಜು ಹಾಕಬಾರದೇ ಅಂದೆ. ಅಲ್ಲಿ ಕೆಲಸ ಬರಬಹುದು, ಆದರೆ ಬೇಕಾದ ಐಸಿಗೆ ಎರಡು ದಿನ ಕಾಯಬೇಕು. ಇಲ್ಲಿ ಎರಡು ಅಂಗಡಿ ದಾಟಿದರೆ ಸಿಗುತ್ತದೆ ಅಂದರು. ಈ ಬೀದಿಯ ನಿಜವಾದ ಆಸ್ತಿ ಈ ಸಾಮೀಪ್ಯವೇ.

ಮೇಷ್ಟ್ರ ಯಂತ್ರ ಆರಿಸಿಕೊಟ್ಟವರೂ ಅವರೇ. ಕ್ಯಾಬಿನೆಟ್ ತೆರೆದು ಮೊದಲು ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ತೋರಿಸಿದರು. ದೊಡ್ಡ ಕಂಪನಿಗಳ ಹಲವು ಆಫೀಸ್ ಯಂತ್ರಗಳಲ್ಲಿ ಅದರ ಪಿನ್ನು ಕಂಪನಿಯ ಸ್ವಂತ ಅಳತೆಯದು. ನಾಳೆ ಅದು ಸುಟ್ಟರೆ ಹೊಸಪೇಟೆಯಲ್ಲಿ ಸಿಗುವ ಸಾಮಾನ್ಯ ಎಸ್‌ಎಂಪಿಎಸ್ ಕೂರುವುದಿಲ್ಲ, ಕನ್ವರ್ಟರ್ ಕೇಬಲ್ಲನ್ನು ಈಗಲೇ ಒಯ್ಯಿರಿ ಅಂದರು. ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರು, ಬೋರ್ಡಿನ ನಾಣ್ಯದಾಕಾರದ ಸೆಲ್ ಬದಲಿಸಿದರು. ನಮ್ಮ ಕಡೆ ಕರೆಂಟು ಹೋಗಿ ಬರುವುದನ್ನು ಬಲ್ಲವರಾದ್ದರಿಂದ ಯುಪಿಎಸ್ ಇಲ್ಲದೆ ಚಾಲೂ ಮಾಡಲೇಬೇಡಿ ಎಂದು ಮತ್ತೆ ಮತ್ತೆ ಹೇಳಿದರು.

ಒಂದೇ ಒಂದನ್ನು ಹಳೆಯದು ಕೊಳ್ಳಬೇಡಿ ಅಂದರು: ಹಾರ್ಡ್‌ಡಿಸ್ಕ್. ಇಲ್ಲಿ ಸಿಗುವ ಅಗ್ಗದ ಡಿಸ್ಕುಗಳಲ್ಲಿ ಸಿಸಿಟಿವಿ ಪೆಟ್ಟಿಗೆಯಿಂದ ಕಿತ್ತವೂ ಇರುತ್ತವೆ, ಹಗಲಿರುಳು ತಿರುಗಿ ಸವೆದವು. ಕೊಳ್ಳಲೇಬೇಕಾದರೆ ಅಂಗಡಿಯಲ್ಲೇ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಸ್ಮಾರ್ಟ್ ದಾಖಲೆ ತೆರೆಸಿ ಓಡಿದ ಗಂಟೆ, ಬದಲಿ ಹಾಕಿಕೊಂಡ ಸೆಕ್ಟರ್‌ಗಳ ಸಂಖ್ಯೆ ನೋಡಬೇಕು. ಅದನ್ನೂ ಪೂರ್ತಿ ನಂಬುವಂತಿಲ್ಲ. 2025ರ ಆರಂಭದಲ್ಲಿ ಜರ್ಮನಿಯಲ್ಲಿ, ಬಳಸಿದ ಸೀಗೇಟ್ ಡಿಸ್ಕುಗಳ ಸ್ಮಾರ್ಟ್ ಲೆಕ್ಕ ಅಳಿಸಿ ಹೊಸದೆಂದು ಮಾರಿದ್ದು ಬಯಲಾಯಿತು. ಫಾರ್ಮ್ ಎಂಬ ಇನ್ನೊಂದು ಒಳದಾಖಲೆ ನಿಜವನ್ನು ಹೇಳಿತ್ತು. ಮೇಷ್ಟ್ರಿಗೆ ಎರಡು ಹೊಸ ಡಿಸ್ಕ್ ಕೊಂಡೆವು. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುತ್ತದೆ. ಅಷ್ಟಿದ್ದರೂ ಮೂರನೆಯ ಪ್ರತಿ ಬೇರೆ ಮನೆಯಲ್ಲಿರಬೇಕು, ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಜಾಗ ಉಳಿದರೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ತುಂಬಿಡಬಹುದು. ಮೇಷ್ಟ್ರ ಬೀದಿಯ ಮಕ್ಕಳು ನೆಟ್ ಇಲ್ಲದ ದಿನವೂ ಮೊಬೈಲಿನಲ್ಲಿ ಓದಬಹುದು.

ಬೀದಿಯ ಬಗ್ಗೆ ನನ್ನ ತಕರಾರುಗಳೂ ಇವೆ. ಫುಟ್‌ಪಾತ್ ಎಂಬುದಿಲ್ಲ, ಮಾನಿಟರ್ ಹೊತ್ತವರು, ಗೂಡ್ಸ್ ಆಟೊ, ನಾವು ಎಲ್ಲರೂ ಒಂದೇ ಇಕ್ಕಟ್ಟಿನಲ್ಲಿ. ಕೇಳದೆ ಬಿಲ್ಲು ಕೊಡುವವರು ವಿರಳ. ‘ಟೆಸ್ಟಿಂಗ್ ವಾರಂಟಿ’ ಅಂದರೆ ಕೆಲವೇ ದಿನ, ಆಮೇಲೆ ನಿಮ್ಮ ಪಾಡು ನಿಮಗೆ; ದೂರದೂರಿನವರು ಇದನ್ನು ಬರೆಸಿಕೊಳ್ಳಬೇಕು. ಇನ್ನೂ ದೊಡ್ಡ ಮಾತು, ಕೊನೆಗೂ ಸತ್ತ ಬೋರ್ಡುಗಳದು. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ, ತಯಾರಕರೇ ಮರುಬಳಕೆಯ ಹೊಣೆ ಹೊರಬೇಕು. ಅದು ನಡೆಯಬೇಕಾದರೆ ಹಡಗಲಿ, ಹರಪನಹಳ್ಳಿಯಂಥ ಊರುಗಳಲ್ಲಿ ಹಳೆ ಮಾನಿಟರ್ ಒಯ್ದುಕೊಡುವ ಗೊತ್ತಾದ ಜಾಗವೊಂದು ಬೇಕು. ತಾಲ್ಲೂಕು ಕೇಂದ್ರಗಳ ಐಟಿಐಗಳಲ್ಲಿ ಚಿಪ್ ಲೆವೆಲ್ ಕಲಿಸುವ ಒಂದು ಮೇಜೂ ಬೇಕು. ಕಲಿಸಬಲ್ಲವರು ನಮ್ಮೂರಿನವರೇ, ಎಸ್‌.ಪಿ. ರಸ್ತೆಯ ಮೆಟ್ಟಿಲ ಕೆಳಗೆ ಕೂತಿದ್ದಾರೆ.

ಹೋಗುವವರಿಗೆ: ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಯಂತ್ರವನ್ನು ಅಂಗಡಿಯಲ್ಲೇ ಒಂದು ತಾಸು ಓಡಿಸಿ ನೋಡಿ. ಹಾರ್ಡ್‌ಡಿಸ್ಕನ್ನು ಲಗೇಜಿನಲ್ಲಿ ಹಾಕದೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಳ್ಳಿ; ಬಸ್ಸಿನ ಡಿಕ್ಕಿಯ ಕುಲುಕಾಟ ಅದಕ್ಕೆ ಆಗದು.