ಹವ್ಯಾಸಿ ಬಾನುಲಿಯಲ್ಲಿ ಪಂದ್ಯವೂ ಹರಟೆಯೂ

ಅಕ್ಟೋಬರಿನ ಕೊನೆಯ ಪೂರ್ಣ ವಾರಾಂತ್ಯದ ವಿಶ್ವಪಂದ್ಯದಲ್ಲಿ 48 ಗಂಟೆಗಳ ಕಾಲ 20 ಮೀಟರಿನ ಹವ್ಯಾಸಿ ಬ್ಯಾಂಡು ಸಂತೆಯಾಗುತ್ತದೆ. ಅದರ ಅಗಲ 350 ಕಿಲೋಹರ್ಟ್ಸ್. ಒಂದು ಮಾತುಕತೆಗೆ ಸುಮಾರು ಮೂರು ಬೇಕು.

ಅಲೆ ಯಾರ ಸ್ವತ್ತೂ ಅಲ್ಲ. ಕರೆಯುವ ಮುನ್ನ 'ಇಲ್ಲಿ ಯಾರಾದರೂ ಇದ್ದೀರಾ?' ಎಂದು ಕೇಳುವುದು ವಾಡಿಕೆ. ಉತ್ತರವಿಲ್ಲವೆಂದರೆ ಜಾಗ ಖಾಲಿಯೆಂದಲ್ಲ. ಅಯಾನುಗೋಳದಿಂದ ಪುಟಿಯುವ ಅಲೆ ಸಮೀಪದ ಊರುಗಳನ್ನು ಹಾರಿಹೋಗುತ್ತದೆ. ಹೈದರಾಬಾದಿನವರು ದೆಹಲಿಯೊಡನೆ ಮಾತಾಡುವಾಗ ಬೆಂಗಳೂರಿನವರಿಗೆ ಅನೇಕ ವೇಳೆ ಅದು ಕೇಳದು. ಅವರ ಕರೆ ಮಾತ್ರ ದೆಹಲಿಯಲ್ಲಿ ಆ ಮಾತಿನ ಮೇಲೆಯೇ ಬೀಳುತ್ತದೆ. ಇದನ್ನು ದರ್ಪವೆಂದು ಹಳಿಯುವುದು ಅನ್ಯಾಯ.

1979ರ ಜಿನೀವಾ ಸಮ್ಮೇಳನ ಹವ್ಯಾಸಿಗಳಿಗೆ 30, 17, 12 ಮೀಟರುಗಳನ್ನು ಕೊಟ್ಟಿತು. ಅಲ್ಲಿ ಪಂದ್ಯ ಬೇಡವೆಂದು ಅವರವರೇ ಒಪ್ಪಿದ್ದಾರೆ. ದೂರದ ಹರಟೆಗೆ 17 ಮೀಟರು ಲೇಸು. ನೆರೆಯೂರಿನವರಿಗೆ ಅದು ಒದಗದು. ಅವರಿಗೆ 40 ಮೀಟರೇ ಗತಿ. ಅಲ್ಲಿ ಪಂದ್ಯದವರೇ ಅವರಿಗೊಂದು ಮೂಲೆ ಬಿಡಬೇಕು.