ಹಳೆಯ ಅಂಬಾಸಿಡರ್: ಎಂಜಿನ್ ಇಳಿಸುವ ಮುನ್ನ



ಸೆಟ್ಟೂರು, ಕಲ್ಯಾಣದುರ್ಗ, ಹಿಂದೂಪುರದ ಕಡೆ ನಮ್ಮವರ ಕೆಲವು ಮನೆಗಳಲ್ಲಿ ತಂದೆಯವರ ಕಾಲದ ಅಂಬಾಸಿಡರ್ ಇನ್ನೂ ಓಡಾಡುತ್ತಿದೆ. ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಉತ್ಪಾದನೆ ನಿಲ್ಲಿಸಿತು. 15 ವರ್ಷ ದಾಟಿದ ಕಾರಿನ ಆರ್.ಸಿ.ಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಹೊಗೆ ಉಗುಳುವ ಗಾಡಿ ಆ ತಪಾಸಣೆಯಲ್ಲಿ ಪಾಸಾಗುವುದು ಕಷ್ಟ. ಗ್ಯಾರೇಜಿಗೆ ಹೋದರೆ ಎಷ್ಟೋ ಕಡೆ ಮೊದಲ ಮಾತೇ "ಎಂಜಿನ್ ಇಳಿಸಿ ಬೋರ್ ಮಾಡಿಸಿ" ಎಂದು. ಅದು ದೊಡ್ಡ ಖರ್ಚು. ನಿಜವಾಗಿ ಬೇಕೋ ಬೇಡವೋ ಎಂದು ತಿಳಿಯಲು ಬಿಚ್ಚದೆಯೂ ದಾರಿಗಳಿವೆ. ಇಲ್ಲಿ ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ.

ಮೊದಲು ಹೊಗೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಒಮ್ಮೆ ಬಂದು ನಿಂತುಹೋದರೆ, ರಾತ್ರಿಯೆಲ್ಲಾ ವಾಲ್ವ್ ಗೈಡ್ ಮೂಲಕ ಆಯಿಲ್ ಇಳಿದಿದೆ ಎಂದು ಅರ್ಥ. ಸಾಮಾನ್ಯವಾಗಿ ಹೆಡ್ ಕೆಲಸವಷ್ಟೇ ಸಾಕು. ಎಕ್ಸಲರೇಟರ್ ತುಳಿದಷ್ಟೂ ನೀಲಿ ಹೊಗೆ ಹೆಚ್ಚಿ, ಆಯಿಲ್ ಮುಚ್ಚಳ ತೆಗೆದರೆ ಅಲ್ಲಿಂದಲೂ ಗುಪ್ಪೆಂದು ಬಂದರೆ ರಿಂಗ್ ಸವೆದಿರಬಹುದು. ಕಪ್ಪು ಹೊಗೆಯಾದರೆ ಕಾರ್ಬುರೇಟರ್, ಏರ್ ಫಿಲ್ಟರ್ ಕಡೆ ಹೋಗಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ಅನುಮಾನ ಬಗೆಹರಿಸುವುದು ಕಂಪ್ರೆಷನ್ ಗೇಜ್. ಬ್ಯಾಟರಿ ಚೆನ್ನಾಗಿರಬೇಕು, ಎಂಜಿನ್ ಬಿಸಿಯಾಗಿರಬೇಕು. ಕಾಯಿಲ್ ವೈರ್ ಕಳಚಿ, ನಾಲ್ಕೂ ಪ್ಲಗ್ ಬಿಚ್ಚಿ, ಎಕ್ಸಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದು, ಒಂದೊಂದೇ ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಯಾವುದಾದರೂ ಕಡಿಮೆ ತೋರಿಸಿದರೆ ಆ ಪ್ಲಗ್ ರಂಧ್ರಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆತ. ಏರದಿದ್ದರೆ ಹೆಚ್ಚಾಗಿ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿರಬಹುದು. ಈ ಪರೀಕ್ಷೆ ಮಾಡದೆ ಬೋರ್ ಮಾತಿಗೆ ಒಪ್ಪಬೇಡಿ.

ಟ್ಯಾಪೆಟ್ ಸದ್ದಿಗೆ ಎಲ್ಲರೂ ಹೆದರುತ್ತಾರೆ. ನಮಗೆ ಹೆದರಿಕೆ ಸದ್ದಿಲ್ಲದ ಟ್ಯಾಪೆಟ್ ಕಂಡರೆ! ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ದಲ್ಲಿ ನಿಂತಿತು. ಆ ಸೀಸವೇ ಹಳೆಯ ಎಂಜಿನ್ನುಗಳ ಎಕ್ಸಾಸ್ಟ್ ವಾಲ್ವ್ ಸೀಟನ್ನು ಕಾಪಾಡುತ್ತಿತ್ತು. ಈಗ ಸೀಟ್ ಸವೆದಂತೆ ವಾಲ್ವ್ ಒಳಗೆ ಕೂತು ಗ್ಯಾಪ್ ಕಡಿಮೆಯಾಗುತ್ತದೆ, ಕೊನೆಗೆ ವಾಲ್ವ್ ಸುಡುತ್ತದೆ. ಆಗಾಗ ಫೀಲರ್ ಗೇಜ್ ಹಾಕಿಸಿ.

ಇನ್ನು ನಮ್ಮ ಸೀಮೆಯದೇ ತೊಂದರೆ, ನೀರು. ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಪಾತ್ರೆಯಲ್ಲಿ ಕಟ್ಟುವಂಥದೇ ಬಿಳಿ ಪದರ ಒಳಗೂ ಕಟ್ಟುತ್ತದೆ. ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರುವ ಎಷ್ಟೋ ಗಾಡಿಗಳಿಗೆ ಬೇಕಾದದ್ದು ರೇಡಿಯೇಟರ್ ಶುದ್ಧಿ, ಹೊಸ ಥರ್ಮೋಸ್ಟಾಟ್, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್. ಬಿಸಿಯಿದ್ದಾಗ ಮುಚ್ಚಳ ಮಾತ್ರ ತೆಗೆಯಬೇಡಿ.

ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಮೆಕ್ಯಾನಿಕಲ್ ಪಂಪ್ ಇರುವ ಗಾಡಿಯಲ್ಲಿ ಡಿಪ್‌ಸ್ಟಿಕ್ ಮೂಸಿ. ಪೆಟ್ರೋಲ್ ವಾಸನೆ ಬಂದು, ಆಯಿಲ್ ಮಟ್ಟವೂ ಏರಿದ್ದರೆ ಪಂಪಿನ ಡಯಾಫ್ರಾಮ್ ಹರಿದಿರಬಹುದು. ಅದನ್ನು ಸರಿಪಡಿಸಿ, ಆಯಿಲ್ ಬದಲಿಸುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ.