ಹೆಡ್‌ಫೋನಿಗೆ ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತೆ?

2,000 ರೂಪಾಯಿ ಒಳಗೆ ಒಳ್ಳೇ ಸೌಂಡ್ ಬೇಕಾ? ಹಾಗಾದ್ರೆ ಮೊದಲು ವೈರ್ ಇರೋದನ್ನೇ ನೋಡಿ.

ಯಾಕಂದ್ರೆ ಬ್ಲೂಟೂತ್ ಸೆಟ್‌ನಲ್ಲಿ ನಿಮ್ಮ ದುಡ್ಡು ಬ್ಯಾಟರಿ, ಚಿಪ್, ಚಾರ್ಜಿಂಗ್ ಕೇಸ್ ಅಂತ ಹಂಚಿಹೋಗುತ್ತೆ. ಆ ಪುಟ್ಟ ಬ್ಯಾಟರಿ ದಿನಾ ಬಳಸಿದ್ರೆ ಎರಡು ಮೂರು ವರ್ಷಕ್ಕೆ ಸೊರಗುತ್ತೆ. ಬದಲಾಯಿಸೋಣ ಅಂದ್ರೆ ಬಹುತೇಕ ಇಯರ್‌ಬಡ್‌ಗಳಲ್ಲಿ ಆಗದ ಮಾತು.

ಈಗ ವೈರ್ ಬೇರೆ ಮಾಡಬಹುದಾದ ಒಂದು ಇಯರ್‌ಫೋನ್ ನೋಡಿ. ವೈರ್ ಬಂದು ಸೇರೋ ಜಾಗದಲ್ಲಿ ಎರಡು ಸಣ್ಣ ಪಿನ್. ಮೆಲ್ಲಗೆ ಎಳೆದ್ರೆ ವೈರ್ ಬಿಚ್ಚಿಕೊಳ್ಳುತ್ತೆ. ಸಾಮಾನ್ಯವಾಗಿ ಮೊದಲು ಕೆಡೋದೇ ವೈರ್. ಜ್ಯಾಕ್ ಹತ್ರ ಬಗ್ಗಿ ಬಗ್ಗಿ ಒಳಗಿನ ತಂತಿ ತುಂಡಾಗುತ್ತೆ, ಒಂದು ಕಡೆ ಸದ್ದೇ ಬರಲ್ಲ. ಇದ್ರಲ್ಲಿ ಬರೀ ವೈರ್ ಬದಲಾಯಿಸಿದ್ರೆ ಸಾಕು.

ರಿಪೇರಿ ಆಗೋ ಮಾಲೇ ನಿಜವಾದ ಉಳಿತಾಯ ಅನ್ನೋದು ನನ್ನ ಗಟ್ಟಿ ನಂಬಿಕೆ. ಕಾಸ್ ಕಂಪನಿಯ ಪೋರ್ಟಾ ಪ್ರೊ ಹೆಡ್‌ಫೋನ್ 1984ರಲ್ಲಿ ಬಂದಿದ್ದು, ಇವತ್ತಿಗೂ ಮಾರಾಟದಲ್ಲಿದೆ. ಸೋನಿಯ ಎಂಡಿಆರ್-7506 1991ರದ್ದು, ಈಗಲೂ ಸ್ಟುಡಿಯೋಗಳಲ್ಲಿ ಕಾಣ್ಸುತ್ತೆ. ಇವುಗಳ ಕಿವಿಯ ಕುಶನ್ ಹರಿದ್ರೆ ಹೊಸದು ಹಾಕ್ಕೋಬಹುದು.

ಡಬ್ಬಿ ಮೇಲೆ ‘50 ಎಂಎಂ ಡ್ರೈವರ್’ ಅಂತ ಇದ್ರೆ ಮರುಳಾಗ್ಬೇಡಿ. ಡ್ರೈವರ್, ಅಂದ್ರೆ ಸದ್ದು ಹೊರಡಿಸೋ ಭಾಗ, ದೊಡ್ಡದಾದ ಮಾತ್ರಕ್ಕೆ ಸೌಂಡ್ ಚೆನ್ನಾಗಿರಲ್ಲ.

ಫೋನಲ್ಲಿ ಜ್ಯಾಕ್ ಇಲ್ವಾ? ಟೈಪ್-ಸಿ ಅಡಾಪ್ಟರ್ ಸಿಗುತ್ತೆ. ಓಡಾಡ್ತಾ, ಜಿಮ್‌ನಲ್ಲಿ ಕೇಳೋರಾದ್ರೆ ಬ್ಲೂಟೂತೇ ಸರಿ, ಅದಕ್ಕೆ ನನ್ನ ತಕರಾರಿಲ್ಲ.

ಅಂಗಡಿಗೆ ಹೋದಾಗ ನಿಮಗೆ ಬಾಯಿಪಾಠ ಆಗಿರೋ ಒಂದು ಹಾಡು ಹಾಕಿ ಕೇಳಿ. ಹಾಡೋರ ದನಿ ಬಾಸ್‌ನಲ್ಲಿ ಮುಳುಗಿಹೋದ್ರೆ, ದಯವಿಟ್ಟು ಅದನ್ನ ತಗೋಬೇಡಿ.